ಹುಳಿ ಬಂದದ್ದೆಲ್ಲ ಮದ್ದಲ್ಲ



ಈ ಬರಹವನ್ನು ಮೊದಲು ಪಪ್ಪನಿಗೆ ಓದಿ ಹೇಳಿದ್ದೇನೆ. ಎಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ, "ಹಾಕು. ನನ್ನ ಹಾಗಿನವರು ಇನ್ನೊಬ್ಬರು ಇದ್ದರೂ ಇರಬಹುದು" ಅಂದರು. ಹಾಗಾಗಿ ಮನೆಯ ಮಾತನ್ನು ಬೀದಿಗೆ ತಂದೆ ಎಂದು ಯಾರೂ ಬೇಸರ ಮಾಡಿಕೊಳ್ಳಬೇಡಿ.

ಎರಡು ವರ್ಷದ ಹಿಂದೆ ನಮ್ಮ ಯುವಜನರ ತಿಂಗಳ ಸಭೆಯಲ್ಲಿ ಆರೋಗ್ಯದ ಬಗ್ಗೆ ಹದಿನೈದು ನಿಮಿಷ ಮಾತನಾಡುವ ಕೆಲಸ ನನ್ನ ಪಾಲಿಗೆ ಬಂತು. ಬಿ.ಎಸ್ಸಿ.ಯಲ್ಲಿ ಸೂಕ್ಷ್ಮಜೀವಿಗಳ ಪಾಠ ಓದಿದವನಲ್ಲವೇ, ಉತ್ಸಾಹ ಜಾಸ್ತಿ. ವಿಷಯ: ಹುದುಗು ಬರಿಸಿದ ಆಹಾರ. ದೊಡ್ಡ ಚಾರ್ಟ್ ಮಾಡಿ ನಡುವೆ ಒಂದು ವೃತ್ತ ಬರೆದೆ. ಅದರೊಳಗೆ ಮೊಸರು, ಮಜ್ಜಿಗೆ, ಇಡ್ಲಿ, ದೋಸೆ, ಉಪ್ಪಿನಕಾಯಿ, ತಂಗಳನ್ನ, ಸಾನ್ನಾಂ, ಕೊನೆಗೆ ಜಾಗ ಉಳಿಯಿತೆಂದು ಕಳ್ಳು. "ನಮ್ಮ ಹಿರಿಯರು ಬುದ್ಧಿವಂತರು, ಹುಳಿ ಬಂದದ್ದೆಲ್ಲ ಹೊಟ್ಟೆಗೆ ಮದ್ದು" ಎಂದು ಹೇಳಿ ಮುಗಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ದಿನ ಹೆತ್ತವರನ್ನೂ ಕರೆದಿದ್ದೆವು. ಪಪ್ಪ ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಪಪ್ಪ ಕುಡಿತ ಬಿಟ್ಟು ಆಗ ಎಂಟು ತಿಂಗಳಾಗಿತ್ತು. "ಲಿವರ್ ಗಟ್ಟಿಯಾಗಲು ಶುರುವಾಗಿದೆ, ಇನ್ನು ಒಂದು ತೊಟ್ಟೂ ಬೇಡ" ಎಂದು ಡಾಕ್ಟರು ಹೇಳಿದ ಮೇಲೆ ಕಷ್ಟಪಟ್ಟು ಬಿಟ್ಟಿದ್ದರು. ನನ್ನ ಭಾಷಣ ಕಳೆದು ಹತ್ತು ದಿನ ಆಗಿರಬೇಕು, ಒಂದು ಸಂಜೆ ಮುಳ್ಳೇರಿಯ ಪೇಟೆಗೆಂದು ಹೋದವರು ತಡವಾಗಿ ಬಂದರು. ಅಂಗಳ ದಾಟುವಾಗಲೇ ವಾಸನೆ ಗೊತ್ತಾಯಿತು. ಅಮ್ಮ ಮಾತಾಡಲಿಲ್ಲ, ಒಳಗೆ ಹೋದರು. ನಾನು ಮಾತ್ರ "ಯಾಕೆ ಪಪ್ಪಾ?" ಎಂದು ಕೇಳಿದೆ.

"ನೀನೇ ಹೇಳಿದ್ದಲ್ಲವಾ ಪುತಾ? ಕಳ್ಳು ಸಹ ಹುಳಿ ಬಂದದ್ದೇ. ಬ್ರಾಂಡಿ ಅಲ್ಲ, ವಿಸ್ಕಿ ಅಲ್ಲ. ಮರದ್ದು, ತಂಪು" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಚಾರ್ಟ್ ಇನ್ನೂ ನನ್ನ ಕೋಣೆಯ ಗೋಡೆಗೆ ಒರಗಿಕೊಂಡಿತ್ತು. ವೃತ್ತ ಒಂದೇ ಇತ್ತು.

ಮುಂದೆ ಪಪ್ಪನನ್ನು ಮತ್ತೆ ಚಿಕಿತ್ಸೆಗೆ ಸೇರಿಸಿದಾಗ ಅಲ್ಲಿನ ಕೌನ್ಸೆಲರ್ ನನಗೆ ಸಮಾಧಾನ ಹೇಳಿದರು: ಕುಡಿಯಬೇಕೆಂಬ ಆಸೆ ಎದ್ದವನಿಗೆ ಕಾರಣ ಎಲ್ಲಿಯಾದರೂ ಸಿಕ್ಕೇ ಸಿಗುತ್ತದೆ, ನಿನ್ನ ಮಾತಲ್ಲದಿದ್ದರೆ ಇನ್ನೊಂದು. ಇರಬಹುದು. ಆದರೆ ಈ ಸಲ ಸಿಕ್ಕಿದ ಕಾರಣ ನನ್ನದೇ ಆಗಿತ್ತು. ಅರ್ಧ ತಿಳಿದು ಪೂರ್ತಿ ಹೇಳಿದವನು ನಾನು. ಆ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ಮತ್ತೆ ಪುಸ್ತಕ ಬಿಡಿಸಿದೆ. ಈ ಬರಹ ಆ ಭಾಷಣದ ತಿದ್ದುಪಡಿ ಎಂದುಕೊಳ್ಳಿ.

ಹುದುಗುವುದು ಎಂದರೆ ಏನು? ಕಣ್ಣಿಗೆ ಕಾಣದ ಜೀವಿಗಳು ನಮಗಿಂತ ಮೊದಲೇ ನಮ್ಮ ಆಹಾರವನ್ನು ಸ್ವಲ್ಪ ತಿಂದು ಬೇರೆ ಏನನ್ನೋ ಬಿಟ್ಟುಹೋಗುವುದು. ಹಾಲು ಹುಳಿಯಾಗುವುದು ಜೀವಿಗಳಿಂದ ಎಂದು 1857ರಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನ ಲೂಯಿ ಪಾಶ್ಚರ್. ಯಾವ ಜೀವಿ ಕೆಲಸ ಮಾಡಿತು, ಏನನ್ನು ಬಿಟ್ಟುಹೋಯಿತು ಎಂಬುದೇ ಎಲ್ಲಕ್ಕಿಂತ ಮುಖ್ಯ. ನಾನು ಚಾರ್ಟಿನಲ್ಲಿ ಬಿಟ್ಟುಬಿಟ್ಟದ್ದು ಇದನ್ನೇ.

ಮೊಸರಿನಲ್ಲಿ ಕೆಲಸ ಮಾಡುವುದು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ. ಹಾಲಿನ ಸಕ್ಕರೆಯನ್ನು ತಿಂದು ಹುಳಿ ಕೊಡುತ್ತವೆ. ಇಡ್ಲಿ ಹಿಟ್ಟಿನಲ್ಲೂ ಮುಖ್ಯವಾಗಿ ಅದೇ ಬಳಗದ ಬ್ಯಾಕ್ಟೀರಿಯಾಗಳು. ಹುಳಿಯ ಜೊತೆಗೆ ಅನಿಲವನ್ನೂ ಬಿಡುವುದರಿಂದ ಯೀಸ್ಟ್ ಹಾಕದೆಯೇ ಹಿಟ್ಟು ಉಬ್ಬುತ್ತದೆ. ಕಳ್ಳಿನಲ್ಲಿ ಹಾಗಲ್ಲ. ಅಲ್ಲಿ ಯಜಮಾನಿಕೆ ಯೀಸ್ಟಿನದು. ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನು ಬಿಡುತ್ತದೆ. ಎರಡನ್ನೂ ನಾವು "ಹುಳಿ ಬಂತು" ಎಂದೇ ಕರೆಯುತ್ತೇವೆ. ಆದರೆ ಒಂದರ ಕೊನೆಯಲ್ಲಿ ಸಿಗುವುದು ಹುಳಿ, ಇನ್ನೊಂದರ ಕೊನೆಯಲ್ಲಿ ಸಿಗುವುದು ಅಮಲು. ಲಿವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಪಪ್ಪನ ಮಾತಿನಲ್ಲೂ ಅರ್ಧ ಸತ್ಯ ಇತ್ತು. ತೆಂಗಿನ ಹೊಂಬಾಳೆಯಿಂದ ಆಗಷ್ಟೇ ಇಳಿದ ರಸ ಸಿಹಿ, ತಂಪು. ಅದರಲ್ಲಿ ಸಕ್ಕರೆ, ಖನಿಜಾಂಶ, ಸಿ ವಿಟಮಿನ್ ಇವೆ, ಮದ್ಯ ಇಲ್ಲ. ಆದರೆ ಗಾಳಿಯಲ್ಲಿ, ಮಡಕೆಯಲ್ಲಿ, ಮರದಲ್ಲಿ ಎಲ್ಲೆಲ್ಲೂ ಯೀಸ್ಟ್ ಇದೆ. ನಮ್ಮ ಸೆಕೆಗೆ ಕೆಲವೇ ಗಂಟೆಗಳಲ್ಲಿ ರಸ ನೊರೆ ಕಟ್ಟುತ್ತದೆ. ಇನ್ನೂ ಇಟ್ಟರೆ ಬೇರೆ ಬ್ಯಾಕ್ಟೀರಿಯಾಗಳು ಬಂದು ಮದ್ಯವನ್ನು ತಿಂದು ವಿನೆಗರ್ ಮಾಡುತ್ತವೆ. ಒಂದೇ ಮಡಕೆಯಲ್ಲಿ ಮೊದಲು ಪಾನಕ, ಆಮೇಲೆ ಕಳ್ಳು, ಕೊನೆಗೆ ಹುಳಿನೀರು.

ಇದನ್ನು ತಡೆಯುವ ಕೆಲಸ ನಮ್ಮ ಜಿಲ್ಲೆಯಲ್ಲೇ ನಡೆದಿದೆ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಕಾಸರಗೋಡಿನ ಕೂಡ್ಲಿನಲ್ಲಿರುವ ಸಿ.ಪಿ.ಸಿ.ಆರ್.ಐ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದದ್ದು. ಅಲ್ಲಿನ ವಿಜ್ಞಾನಿಗಳು ಹೊಂಬಾಳೆಯ ತುದಿಗೆ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಂಥ ಸಾಧನವನ್ನು ಕಟ್ಟಿ, ತೊಟ್ಟಿಕ್ಕುವ ರಸವನ್ನು ಬೀಳುತ್ತಿದ್ದಂತೆಯೇ ತಣ್ಣಗೆ ಹಿಡಿಯುವ ವಿಧಾನ ಕಂಡುಹಿಡಿದರು. ತಂಪಿನಲ್ಲಿ ಯೀಸ್ಟ್ ಕೆಲಸ ಮಾಡುವುದಿಲ್ಲ, ಹಾಗಾಗಿ ರಸ ಹುಳಿಯುವುದಿಲ್ಲ. ಅದಕ್ಕೆ 'ಕಲ್ಪರಸ' ಎಂದು ಹೆಸರಿಟ್ಟಿದ್ದಾರೆ. ಪಪ್ಪ ಹೇಳುವ "ಮರದ್ದು, ತಂಪು" ಎಂಬ ಮಾತು ಕಲ್ಪರಸಕ್ಕೆ ಸರಿ. ಗಡಂಗಿನ ಬಾಟ್ಲಿಗೆ ಸರಿಯಲ್ಲ.

ಬಾಟ್ಲಿಯ ಲೆಕ್ಕವನ್ನೂ ಮಾಡೋಣ. ಕೇರಳದ ನಿಯಮದಲ್ಲಿ ತೆಂಗಿನ ಕಳ್ಳಿನ ಮದ್ಯಾಂಶಕ್ಕೆ ಹಿಂದೆ ಶೇಕಡಾ 8.1ರ ಮಿತಿ ಇತ್ತು. ನಾವು ಕಡಿಮೆ ಹಿಡಿದು ಶೇಕಡಾ 5 ಎಂದೇ ಇಟ್ಟುಕೊಳ್ಳೋಣ. ಒಂದು ಲೀಟರಿನಲ್ಲಿ 50 ಮಿಲಿಲೀಟರ್ ಮದ್ಯಸಾರ, ಅಂದರೆ ಸುಮಾರು 40 ಗ್ರಾಂ. ಬ್ರಾಂಡಿಯಲ್ಲಿರುವುದೂ ಇದೇ ಮದ್ಯಸಾರ. ಬ್ರಾಂಡಿಯಲ್ಲಿ ನೀರು ಕಡಿಮೆ, ಕಳ್ಳಿನಲ್ಲಿ ನೀರು ಜಾಸ್ತಿ, ಅಷ್ಟೇ ಭೇದ. ಮೈಯೊಳಗೆ ಹೋದ ಮೇಲೆ ಲಿವರ್ ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಒಡೆದು, ಆಮೇಲೆ ನಿರಪಾಯ ಮಾಡುತ್ತದೆ. ದಿನಾಲೂ ಆ ವಿಷ ಸಿಗುತ್ತಿದ್ದರೆ ಲಿವರಿನ ಜೀವಕೋಶಗಳು ಸಾಯುತ್ತವೆ, ಆ ಜಾಗದಲ್ಲಿ ಗಾಯದ ಕಲೆಯಂಥ ಅಂಗಾಂಶ ಬೆಳೆಯುತ್ತದೆ. ಡಾಕ್ಟರು "ಗಟ್ಟಿಯಾಗಿದೆ" ಅಂದದ್ದು ಇದಕ್ಕೆ. ಮದ್ಯ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಹೇಳಿದೆ. ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಪ್ರಮಾಣ ಎಂಬುದೇ ಇಲ್ಲ ಎಂದು ಅದೇ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ವೈನ್ ಹೃದಯಕ್ಕೆ ಒಳ್ಳೆಯದು, ಕಳ್ಳು ಹೊಟ್ಟೆಗೆ ಒಳ್ಳೆಯದು ಎಂಬ ಮಾತುಗಳನ್ನು ಇನ್ನು ನಾವು ನಿಲ್ಲಿಸಬಹುದು.

ಹಾಗಾದರೆ ಹುದುಗಿದ ಆಹಾರದ ಗುಣಗಾನವೆಲ್ಲ ಸುಳ್ಳೇ? ಅಲ್ಲ. ಅದನ್ನೂ ನ್ಯಾಯವಾಗಿ ಹೇಳಬೇಕು.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಹಲವರಿಗೆ ಮೊಸರು ಆಗುತ್ತದೆ. ಹಾಲಿನ ಸಕ್ಕರೆಯ ಒಂದು ಪಾಲನ್ನು ಬ್ಯಾಕ್ಟೀರಿಯಾ ಮೊದಲೇ ತಿಂದಿರುತ್ತದೆ, ಉಳಿದದ್ದನ್ನು ಕರಗಿಸಲೂ ಸಹಾಯ ಮಾಡುತ್ತದೆ. ಅಕ್ಕಿ, ಉದ್ದಿನಲ್ಲಿ ಕಬ್ಬಿಣ, ಸತುವಿನಂಥ ಖನಿಜಗಳನ್ನು ಕಟ್ಟಿಹಾಕುವ ಫೈಟಿಕ್ ಆಮ್ಲ ಇದೆ. ಹುದುಗಿದಾಗ ಅದು ಕಡಿಮೆಯಾಗುತ್ತದೆ, ಖನಿಜ ಮೈಗೆ ಸುಲಭವಾಗಿ ದಕ್ಕುತ್ತದೆ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 36 ಮಂದಿ ಆರೋಗ್ಯವಂತರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಹತ್ತು ವಾರ ಮೊಸರಿನಂಥ ಹುದುಗಿದ ಆಹಾರ ಹೆಚ್ಚು ತಿಂದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತ್ತು, ಉರಿಯೂತವನ್ನು ಸೂಚಿಸುವ ಕೆಲವು ಅಂಶಗಳು ರಕ್ತದಲ್ಲಿ ಇಳಿದಿದ್ದವು. ಒಳ್ಳೆಯ ಸುದ್ದಿಯೇ. ಆದರೆ 36 ಮಂದಿ, ಹತ್ತು ವಾರ. ಇದರಿಂದ ಸಕ್ಕರೆ ಕಾಯಿಲೆ ಗುಣವಾಗುತ್ತದೆ, ಕ್ಯಾನ್ಸರ್ ಬರುವುದಿಲ್ಲ ಎಂದು ಹೇಳಲು ಆಗುವುದಿಲ್ಲ. ಇನ್ನೊಂದು ಮಾತು: ಇಡ್ಲಿ, ಸಾನ್ನಾಂಗಳಲ್ಲಿ ಬ್ಯಾಕ್ಟೀರಿಯಾ ಹಬೆಯಲ್ಲಿ ಸಾಯುತ್ತದೆ. ಅವುಗಳಿಂದ ಸಿಗುವುದು ಸುಲಭವಾಗಿ ಜೀರ್ಣವಾಗುವ ಆಹಾರವೇ ಹೊರತು ಜೀವಂತ ಬ್ಯಾಕ್ಟೀರಿಯಾ ಅಲ್ಲ. ಅದು ಬೇಕಾದವರಿಗೆ ಮೊಸರು, ಮಜ್ಜಿಗೆ ಇದೆ.

ತಂಗಳನ್ನದ ಬಗ್ಗೆ ವಾಟ್ಸಾಪಿನಲ್ಲಿ ಬರುವ ಸಂದೇಶವನ್ನು ನೀವೂ ನೋಡಿರಬಹುದು: ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟರೆ ಬೆಳಿಗ್ಗೆ ಕಬ್ಬಿಣಾಂಶ ಇಪ್ಪತ್ತು ಪಟ್ಟು ಹೆಚ್ಚಾಗುತ್ತದಂತೆ. ನಾನೂ ಅದನ್ನು ಫಾರ್ವರ್ಡ್ ಮಾಡಿದವನೇ. ಸ್ವಲ್ಪ ಯೋಚಿಸಿದರೆ ಸಾಕಿತ್ತು. ಕಬ್ಬಿಣ ಒಂದು ಮೂಲಧಾತು. ಯಾವ ಬ್ಯಾಕ್ಟೀರಿಯಾವೂ ಅದನ್ನು ಹುಟ್ಟಿಸಲಾರದು. ರಾತ್ರಿ ಮಡಕೆಯಲ್ಲಿ ಎಷ್ಟಿತ್ತೋ ಬೆಳಿಗ್ಗೆಯೂ ಅಷ್ಟೇ. ಕಟ್ಟಿಹಾಕಿದ್ದು ಬಿಡುಗಡೆಯಾಗಬಹುದು, ಹೆಚ್ಚಾಗುವುದಿಲ್ಲ. ಹಾಗೆಂದು ಕುಚ್ಚಲಕ್ಕಿಯ ತಂಗಳನ್ನಕ್ಕೆ ಮಜ್ಜಿಗೆ, ಹಸಿಮೆಣಸು ಕಿವುಚಿ ತಿನ್ನುವ ಸುಖವೇನೂ ಕಡಿಮೆಯಲ್ಲ. ಬೆಳಿಗ್ಗೆಯೇ ತಿಂದುಬಿಡಿ, ಸೆಕೆಗಾಲದಲ್ಲಿ ಮಧ್ಯಾಹ್ನದವರೆಗೆ ಇಡಬೇಡಿ. ಹೊರಗೆ ಉಳಿದ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಉಪ್ಪಿನಕಾಯಿಗೂ ಇನ್ನೊಂದು ಮುಖ ಇದೆ. ಭರಣಿಯಲ್ಲಿ ಮಾವಿನ ಮಿಡಿಯನ್ನೋ ಹಲಸಿನ ಸೊಳೆಯನ್ನೋ ಕಾಪಾಡುವುದು ಉಪ್ಪು. ಕೆಡಿಸುವ ಜೀವಿಗಳನ್ನು ಅದು ದೂರ ಇಡುತ್ತದೆ. ಆದರೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಚಮಚೆಯಷ್ಟೇ. ಬಿ.ಪಿ. ಇದ್ದವರಿಗೆ, ಲಿವರ್ ಕೆಟ್ಟವರಿಗೆ ಉಪ್ಪು ಇನ್ನೂ ಕೆಡುಕು. ಡಾಕ್ಟರು ಪಪ್ಪನ ಊಟದಿಂದ ಉಪ್ಪಿನಕಾಯಿಯನ್ನು ತೆಗೆದುಹಾಕಿದಾಗ ಅವರಿಗೆ ಕಳ್ಳು ಬಿಟ್ಟದ್ದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ಈಗ ನಮ್ಮ ಮನೆಯಲ್ಲಿ ಗಂಜಿಗೆ ಪುನರ್ಪುಳಿಯ ಸಾರು.

ನನ್ನ ಒಂದೇ ವೃತ್ತ ಈಗ ಮೂರಾಗಿದೆ. ಧಾರಾಳವಾಗಿ ತಿನ್ನಬಹುದಾದದ್ದು: ಮೊಸರು, ಮಜ್ಜಿಗೆ, ಇಡ್ಲಿ, ದೋಸೆ. ಸ್ವಲ್ಪವೇ ತಿನ್ನಬೇಕಾದದ್ದು: ಉಪ್ಪಿನಕಾಯಿ. ಆರೋಗ್ಯದ ಹೆಸರು ಹೇಳಿ ಮುಟ್ಟಲೇಬಾರದ್ದು: ಕಳ್ಳು, ವೈನ್.

ವೈನ್ ಅಂದ ಕೂಡಲೇ ನಮ್ಮವರಲ್ಲಿ ಕಾನಾ ಊರಿನ ಮದುವೆಯ ಮಾತು ಬರುತ್ತದೆ. ನೀರನ್ನು ದ್ರಾಕ್ಷಾರಸ ಮಾಡಿದವರು ಪ್ರಭು ಯೇಸುವೇ ಅಲ್ಲವೇ? ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಸಂತ ಪೌಲರೇ ತಿಮೊಥೇಯನಿಗೆ ಬರೆಯಲಿಲ್ಲವೇ? ಹೌದು. ಧರ್ಮಸಭೆ ದ್ರಾಕ್ಷಾರಸವನ್ನು ಪಾಪ ಎಂದು ಎಂದೂ ಹೇಳಿಲ್ಲ. ಪವಿತ್ರ ಬಲಿಪೂಜೆಯಲ್ಲಿ ಅದು ದ್ರಾಕ್ಷಿಯದ್ದೇ, ಕೆಡದ್ದೇ ಆಗಿರಬೇಕು ಎಂಬ ನಿಯಮವಿದೆ. ಆದರೆ ಅದೇ ಧರ್ಮಸಭೆ ಇನ್ನೊಂದು ಕೆಲಸವನ್ನೂ ಮಾಡಿದೆ. ಕುಡಿತದ ಕಾಯಿಲೆಯಿಂದ ಬಳಲುವ ಗುರುಗಳು ಧರ್ಮಾಧ್ಯಕ್ಷರ ಅನುಮತಿ ಪಡೆದು, ಹುದುಗುವುದು ಶುರುವಾಗುತ್ತಲೇ ತಡೆಹಿಡಿದ ದ್ರಾಕ್ಷಿ ರಸದಿಂದಲೇ ಪೂಜೆ ಅರ್ಪಿಸಬಹುದು. 2003ರಲ್ಲಿ ವ್ಯಾಟಿಕನ್ನಿನಿಂದ ಬಂದ ಪತ್ರದಲ್ಲಿ ಇದು ಸ್ಪಷ್ಟವಾಗಿದೆ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಯೋಚಿಸಿದೆ. ಬಲಿಪೀಠದ ಮೇಲೂ ಒಬ್ಬ ದುರ್ಬಲನಿಗಾಗಿ ಜಾಗ ಮಾಡಿಕೊಟ್ಟಿದ್ದಾರೆ. ನಮ್ಮ ಮನೆಯ ಊಟದ ಮೇಜಿನ ಮೇಲೆ ನಾವು ಮಾಡಿಕೊಡಲಾರೆವೇ?

ಪರಮಪ್ರಸಾದವನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡುವ ದಿನಗಳಲ್ಲಿ ಪಪ್ಪ ರೊಟ್ಟಿಯ ರೂಪದಲ್ಲಿ ಮಾತ್ರ ಸ್ವೀಕರಿಸುತ್ತಾರೆ. ಒಂದೇ ರೂಪದಲ್ಲಿ ಸ್ವೀಕರಿಸಿದರೂ ಕ್ರಿಸ್ತರು ಪೂರ್ಣವಾಗಿ ಇದ್ದಾರೆ ಎಂಬುದು ನಮ್ಮ ವಿಶ್ವಾಸ. ಮೊದಲು ಪಪ್ಪನಿಗೆ ನಾಚಿಕೆಯಿತ್ತು, ಜನ ಏನೆಂದುಕೊಳ್ಳುತ್ತಾರೋ ಎಂದು. ಗುರುಗಳೊಂದಿಗೆ ಮಾತಾಡಿದ ಮೇಲೆ ಆ ನಾಚಿಕೆ ಹೋಯಿತು.

ಇನ್ನು ಸಾನ್ನಾಂ ವಿಷಯ. ನಮ್ಮ ಅಜ್ಜಿಯ ಕಾಲದಲ್ಲಿ ಕ್ರಿಸ್ಮಸ್ ಹಿಂದಿನ ದಿನ ಬೆಳ್ತಿಗೆ ಅಕ್ಕಿ, ಉದ್ದು ಅರೆದು ಕಳ್ಳು ಹಾಕಿ ಕಲಸಿ ಇಡುತ್ತಿದ್ದರು. ರಾತ್ರಿ ಪೂಜೆ ಮುಗಿಸಿ ಬರುವಾಗ ಹಿಟ್ಟು ಮುಚ್ಚಳ ಎತ್ತುವಷ್ಟು ಉಬ್ಬಿರುತ್ತಿತ್ತು. ಪಪ್ಪ ಕುಡಿತ ಬಿಟ್ಟ ವರ್ಷ ಅಮ್ಮ ಕಳ್ಳಿನ ಬಾಟ್ಲಿ ಹೊಸ್ತಿಲು ದಾಟಬಾರದು ಎಂದರು. ಸಾನ್ನಾಂ ನಿಂತಿತು. "ಹಬೆಯಲ್ಲಿ ಬೇಯುವಾಗ ಮದ್ಯ ಹೆಚ್ಚಿನದೆಲ್ಲ ಆರಿಹೋಗುತ್ತದೆ ಅಮ್ಮಾ" ಎಂದು ನಾನು ವಿಜ್ಞಾನ ಹೇಳಲು ಹೋದೆ. "ಬೇಯಿಸುವ ಮೊದಲು ಬಾಟ್ಲಿ ಅಡುಗೆಮನೆಯಲ್ಲಿ ಇರುತ್ತದಲ್ಲ?" ಎಂದು ಕೇಳಿದರು. ಅಮ್ಮ ಬಿ.ಎಸ್ಸಿ. ಓದಿಲ್ಲ. ಆದರೆ ಕುಡಿತ ಬಿಟ್ಟವನಿಗೆ ವಾಸನೆ ಸಾಕು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಕಳೆದ ಅಡ್ವೆಂತು ಕಾಲದಲ್ಲಿ ನಾನು ಕಳ್ಳಿಲ್ಲದ ಸಾನ್ನಾಂ ಮಾಡಲು ಹೊರಟೆ. ಮೊದಲ ಸಲ ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಹಾಕಿದೆ. ಪಕ್ಕದ ಮನೆಯ ಬಾಯಮ್ಮ ತಿಂದು ನೋಡಿ, "ಇಡ್ಲಿ ಚೆನ್ನಾಗಿದೆ ಬಾಬಾ" ಅಂದರು. ಎರಡನೇ ಸಲ ಉದ್ದು ಕಡಿಮೆ ಮಾಡಿದೆ, ಚಳಿಗೆ ಹಿಟ್ಟು ಏಳಲೇ ಇಲ್ಲ. ಮೂರನೇ ಸಲ ಒಂದು ಹಿಡಿ ಅನ್ನ ಸೇರಿಸಿ ನುಣ್ಣಗೆ ಅರೆದು, ಬೇಕರಿಯವರು ಬ್ರೆಡ್ಡಿಗೆ ಹಾಕುವ ಯೀಸ್ಟನ್ನು ಚಿಟಿಕೆಯಷ್ಟು ಸಕ್ಕರೆಯೊಂದಿಗೆ ಬೆಚ್ಚಗಿನ ನೀರಿನಲ್ಲಿ ಕಲಸಿ ಬೆರೆಸಿ, ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಹತ್ತಿರ ಇಟ್ಟೆ. ಆ ಯೀಸ್ಟೂ ಕಳ್ಳಿನ ಯೀಸ್ಟಿನ ಬಳಗದ್ದೇ. ಆದರೆ ಅದರ ಹಿಂದೆ ಬಾಟ್ಲಿಯೂ ಇಲ್ಲ, ಗಡಂಗಿನ ನೆನಪೂ ಇಲ್ಲ.

ನಮ್ಮ ಯುವಜನರೂ ಆ ಕ್ರಿಸ್ಮಸಿಗೆ ಒಂದು ತೀರ್ಮಾನ ಮಾಡಿದೆವು. ಹಬ್ಬದ ಸ್ಟಾಲಿನಲ್ಲಿ ಮನೆಯಲ್ಲಿ ಮಾಡಿದ ವೈನ್ ಇಟ್ಟರೆ ಒಳ್ಳೆ ಹಣ ಆಗುತ್ತದೆ ಎಂಬ ಮಾತು ಬಂದಿತ್ತು. ಪರವಾನಗಿ ಇಲ್ಲದೆ ಮದ್ಯ ಮಾಡಿ ಮಾರುವುದು ಕೇರಳದಲ್ಲಿ ಅಬ್ಕಾರಿ ಅಪರಾಧ. 2019ರ ಕ್ರಿಸ್ಮಸ್ ಸಮಯದಲ್ಲಿ ಅಬ್ಕಾರಿ ಇಲಾಖೆ ಎಚ್ಚರಿಕೆ ಕೊಟ್ಟದ್ದು ದೊಡ್ಡ ಸುದ್ದಿಯೂ ಆಗಿತ್ತು. ಆದರೆ ನಾನು ಸಭೆಯಲ್ಲಿ ಕಾನೂನಿನ ಮಾತಿಗಿಂತ ಮೊದಲು ಪಪ್ಪನ ಮಾತು ಹೇಳಿದೆ. ಯಾರೂ ಎದುರಾಡಲಿಲ್ಲ. ಸ್ಟಾಲಿನಲ್ಲಿ ಶುಂಠಿ ಮಜ್ಜಿಗೆ, ಪುನರ್ಪುಳಿ ಶರಬತ್ತು ಇಟ್ಟೆವು. ಹಣ ಸ್ವಲ್ಪ ಕಡಿಮೆಯೇ ಬಂತು. ಸ್ಟಾಲ್ ಮುಗಿದ ಮೇಲೆ ನಮ್ಮ ಗುಂಪಿನ ಒಬ್ಬ ಹುಡುಗ ನನ್ನನ್ನು ಬದಿಗೆ ಕರೆದು, "ನಮ್ಮ ಮನೆಯಲ್ಲೂ ಇದೇ ಕಥೆ" ಅಂದ. ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ದಿನಾಲೂ ಹೆಚ್ಚು ಕುಡಿಯುವವರನ್ನು ಒಮ್ಮೆಲೇ ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ. ಕೈ ನಡುಗಬಹುದು, ಇಲ್ಲದ್ದು ಕಾಣಬಹುದು, ಅಪಸ್ಮಾರವೂ ಬರಬಹುದು. ಇದು ಜೀವಕ್ಕೆ ಅಪಾಯ. ಡಾಕ್ಟರ ಕಣ್ಣಿನಡಿಯಲ್ಲೇ ಬಿಡಿಸಬೇಕು. ಬಿಟ್ಟವರು ಮತ್ತೆ ಜಾರಿದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ, ಮತ್ತೆ ಕರೆದುಕೊಂಡು ಹೋಗಿ. ಹಬ್ಬ, ಮದುವೆ, ರೋಸ್ ಮನೆಗಳಲ್ಲಿ "ಒಂದೇ ಒಂದು ಗ್ಲಾಸ್, ಏನೂ ಆಗುವುದಿಲ್ಲ" ಎಂದು ಯಾರನ್ನೂ ಒತ್ತಾಯಿಸಬೇಡಿ. ಎದುರಿಗಿರುವವರು ಎಷ್ಟು ದಿನ ಎಣಿಸಿಕೊಂಡು ಬಂದಿದ್ದಾರೋ ನಮಗೆ ಗೊತ್ತಿರುವುದಿಲ್ಲ.

ಪಪ್ಪ ದಿನ ಎಣಿಸುತ್ತಾರೆ. ಪ್ರಾರ್ಥನೆಯ ಮೇಜಿನ ಬಳಿ ತೂಗುಹಾಕಿದ ಕ್ಯಾಲೆಂಡರಿನಲ್ಲಿ ರಾತ್ರಿ ಜಪಸರ ಆದ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಹಾಕುತ್ತಾರೆ. ಕ್ರಿಸ್ಮಸ್ ರಾತ್ರಿಯ ಪೂಜೆ ಮುಗಿಸಿ ಬಂದು ಕಂಬಳಿ ಬಿಚ್ಚಿದಾಗ ಹಿಟ್ಟು ಮುಚ್ಚಳವನ್ನು ಎತ್ತಿತ್ತು. ಬೆಳಿಗ್ಗೆ ಅಮ್ಮ ಹಬೆಯಿಂದ ಇಳಿಸಿ ಪಪ್ಪನ ತಟ್ಟೆಗೆ ಹಾಕಿದರು. ಪಪ್ಪ ಬೆರಳಿನಿಂದ ಒತ್ತಿ ನೋಡಿದರು, ಮೂಸಿ ನೋಡಿದರು, ಮುರಿದು ತಿಂದರು.

"ಅಜ್ಜಿ ಮಾಡಿದಷ್ಟು ಆಗಲಿಲ್ಲ" ಅಂದರು. ಆಮೇಲೆ, "ಇನ್ನೆರಡು ಹಾಕು."

ಹಿಟ್ಟಿನಲ್ಲಿ ಹುಳಿ ಅಡಗಿ ಎಲ್ಲವನ್ನೂ ಉಬ್ಬಿಸುವ ಸಾಮತಿಯನ್ನು ಪ್ರಭು ದೇವರ ರಾಜ್ಯಕ್ಕೆ ಹೋಲಿಸಿದ್ದಾರೆ. ಅದೇ ಪ್ರಭು, ಫರಿಸಾಯರ ಹುಳಿಯ ಬಗ್ಗೆ ಎಚ್ಚರದಿಂದಿರಿ ಎಂದೂ ಶಿಷ್ಯರಿಗೆ ಹೇಳಿದ್ದಾರೆ. ಅಂದರೆ ಹುಳಿ ಎಂಬ ಹೆಸರೊಂದೇ ಸಾಲದು, ಯಾವ ಹುಳಿ ಎಂದು ಕೇಳಬೇಕು. ನಾನು ಅದನ್ನು ಕೇಳದೆ ಭಾಷಣ ಮಾಡಿದೆ. ನೀವು ಕೇಳಿ.

ನಿಮ್ಮ ಪ್ರಾರ್ಥನೆಯಲ್ಲಿ ಪಪ್ಪನನ್ನೂ, ನಮ್ಮ ಧರ್ಮಕೇಂದ್ರದಲ್ಲಿ ಮೌನವಾಗಿ ದಿನ ಎಣಿಸುತ್ತಿರುವ ಎಲ್ಲರನ್ನೂ ನೆನಪಿಡಿ.